ಪುಟ ೧೧೨ರಿಂದ ೧೧೯

೮ ಜನವರಿ ೧೯೯೬

ಪ್ರೀತಿಯ ಇರುವೆ,

ಐವತ್ತಮೂರು ವರ್ಷದ ಕಾಲೇಜು ಲೈಬ್ರೇರಿಯನ್ನನ್ನು ಇನ್ನೂ ಇರುವೆ ಎಂದು ಕರೆಯುವುದು ಸರಿಯಲ್ಲ ಎಂದು ನಿನ್ನ ಅತ್ತಿಗೆಯ ತಕರಾರು. ಒಂಬತ್ತನೇ ವಯಸ್ಸಿನಿಂದ ಕಂಡ ಕಂಡ ಕಾಗದದ ಚೂರನ್ನೆಲ್ಲ ಹೊತ್ತುಕೊಂಡು ಹೋಗಿ ಪೆಟ್ಟಿಗೆಯಲ್ಲಿ ಕೂಡಿಡುತ್ತಿದ್ದವಳಿಗೆ ಬೇರೆ ಯಾವ ಹೆಸರು ಒಪ್ಪುತ್ತದೆ ಹೇಳು.

ಈಗ ಕೂತುಕೊಂಡು ಓದು. ನನ್ನ ಕಾದಂಬರಿಯನ್ನು ಮತ್ತೆ ಅಚ್ಚು ಹಾಕುತ್ತಾರಂತೆ. ಯಾವುದು ಎಂದು ಕೇಳುವ ಕಷ್ಟವೂ ನಿನಗಿಲ್ಲ, ಬರೆದದ್ದೇ ಒಂದು. ಪ್ರಕಾಶಕರು ಮನೆಗೇ ಬಂದಿದ್ದರು. ಹಳೆಯ ಪುಸ್ತಕದ ಅಂಗಡಿಯಲ್ಲಿ ಒಂದು ಪ್ರತಿ ಸಿಕ್ಕಿತಂತೆ. "ಸಾರ್, ಹನ್ನೊಂದನೇ ಅಧ್ಯಾಯ ಓದಿ ಎರಡು ದಿನ ಯಾರ ಹತ್ರಾನೂ ಮಾತಾಡೋಕೆ ಆಗ್ಲಿಲ್ಲ" ಅಂದರು. ನಾನು ಎಂದಿನಂತೆ, "ಅದು ಜ್ವರದಲ್ಲಿ ಬರೆದದ್ದು, ನನಗೇ ಸರಿಯಾಗಿ ನೆನಪಿಲ್ಲ" ಅಂದೆ. ನಿನ್ನ ಅತ್ತಿಗೆ ಒಳಗಿನಿಂದಲೇ, "ಇನ್ನೊಂದು ಸಲ ಜ್ವರ ಬರ್ಲಿ ಅಂತ ನಾನು ಮೂವತ್ತು ವರ್ಷದಿಂದ ಕಾಯ್ತಾ ಇದ್ದೀನಿ" ಅಂದಳು. ಅವಳಿಗೆ ಹೊರಗಿನವರ ಮುಂದೆ ನನ್ನ ಮಾನ ಕಳೆಯುವುದೆಂದರೆ ಹಬ್ಬ.

ಒಂದು ತೊಡಕಿದೆ. ಪುಸ್ತಕದ ಕೊನೆಗೆ ಹಳೆಯ ವಿಮರ್ಶೆಗಳನ್ನು ಅನುಬಂಧವಾಗಿ ಸೇರಿಸಬೇಕಂತೆ. ನಾನು ನಕ್ಕೆ. ಮೂವತ್ತೊಂದು ವರ್ಷದಲ್ಲಿ ಒಂದು ನರಪಿಳ್ಳೆಯೂ ಆ ಪುಸ್ತಕದ ಬಗ್ಗೆ ಒಂದು ಸಾಲು ಬರೆದಿಲ್ಲ. ಬರೆದಿದ್ದರೆ ನಾನು ಎರಡನೆಯದು ಬರೆಯುತ್ತಿದ್ದೆ, ಮೂರನೆಯದೂ ಬರೆಯುತ್ತಿದ್ದೆ. ಪತ್ರಿಕೆಯ ಪ್ರೂಫ್ ಕೋಣೆಯಲ್ಲಿ ಕಂಡವರ ತಪ್ಪು ತಿದ್ದಿಕೊಂಡು ಕಣ್ಣು ಕಳೆದುಕೊಳ್ಳುತ್ತಿರಲಿಲ್ಲ. ಇದನ್ನೆಲ್ಲ ಹೇಳಿದೆ. ಅವರು ಬಿಡಲಿಲ್ಲ. "ಕಾಲೇಜು ಲೈಬ್ರರಿಗಳಲ್ಲಿ ಹುಡುಕಿದ್ರೆ ಏನಾದ್ರೂ ಸಿಕ್ಕೇ ಸಿಗುತ್ತೆ ಸಾರ್" ಅಂದರು.

ಹಾಗಾಗಿ ನಿನಗೆ ಈ ಕೆಲಸ. ಹುಡುಕು. ಸಿಗುವುದಿಲ್ಲ ಎಂದು ನನಗೆ ಗೊತ್ತು, ಆದರೂ ಹುಡುಕಿದೆವು ಎಂದಾಗಲಿ. ಮೇ ಕೊನೆಗೆ ಎಲ್ಲವೂ ಅಚ್ಚಿಗೆ ಹೋಗಬೇಕು.

ನಿನ್ನ ಅಣ್ಣ


೧೯ ಜನವರಿ

ಅಣ್ಣನಿಗೆ,

ಸುದ್ದಿ ಓದಿ ಸಂತೋಷವಾಯಿತು. ಇರುವೆ ಎನ್ನಿಸಿಕೊಳ್ಳಲು ನನಗೇನೂ ಬೇಸರವಿಲ್ಲ ಎಂದು ಅತ್ತಿಗೆಗೆ ಹೇಳು. ಲಕೋಟೆಯ ಮೇಲೆ ಮಾತ್ರ ಹಾಗೆ ಬರೆಯಬೇಡ, ನಮ್ಮ ಅಟೆಂಡರ್ ಓದಿ ಇಡೀ ಸ್ಟಾಫ್ ರೂಮಿಗೆ ಹಂಚಿದ್ದಾನೆ.

ವಿಮರ್ಶೆ ಹುಡುಕುವುದೆಂದರೆ ನಿನ್ನ ಹೆಸರಿನ ಡ್ರಾಯರು ಎಳೆದು ನೋಡಿದಷ್ಟು ಸುಲಭವಲ್ಲ. ಮೊದಲ ವರ್ಷದ ಮಕ್ಕಳು ಮಾಡುವ ತಪ್ಪು ಅದು. ಲೇಖಕನ ಹೆಸರಿನಲ್ಲಿ ಅವನು ಬರೆದದ್ದು ಸಿಗುತ್ತದೆ, ಅವನ ಬಗ್ಗೆ ಬರೆದದ್ದು ಸಿಗುವುದಿಲ್ಲ. ವಿಮರ್ಶೆ ಯಾವಾಗಲೂ ಬೇರೆಯವರ ಮನೆಯಲ್ಲಿ ಬಾಡಿಗೆಗೆ ಇರುತ್ತದೆ. ಯಾರದೋ ಲೇಖನ ಸಂಗ್ರಹದ ನಡುವೆ, ಅಭಿನಂದನ ಗ್ರಂಥದ ಮೂಲೆಯಲ್ಲಿ, ಕಾದಂಬರಿಯ ಚರಿತ್ರೆ ಎಂಬ ದಪ್ಪ ಪುಸ್ತಕದ ಒಂದೂವರೆ ಪುಟದಲ್ಲಿ. ಹೊರಗಿನ ರಟ್ಟು ನೋಡಿದರೆ ಒಳಗೆ ಯಾರಿದ್ದಾರೆ ಎಂದು ಗೊತ್ತೇ ಆಗುವುದಿಲ್ಲ.

ಅದಕ್ಕೇ ನಾನು ಇಲ್ಲಿ ಒಂದು ಪದ್ಧತಿ ಮಾಡಿದ್ದೇನೆ. ಲೇಖನ ಸಂಗ್ರಹ ಬಂದರೆ ಪುಸ್ತಕಕ್ಕೆ ಒಂದು ಬಿಳಿ ಕಾರ್ಡು. ಒಳಗಿರುವ ಒಂದೊಂದು ಲೇಖನಕ್ಕೂ ಬೇರೆ ಬೇರೆ ಹಳದಿ ಕಾರ್ಡು. ಹಳದಿ ಕಾರ್ಡನ್ನು ಆ ಲೇಖನ ಯಾರ ಕೃತಿಯ ಬಗ್ಗೆ ಇದೆಯೋ ಅವರ ಹೆಸರಿನ ಹಿಂದೆ ಜೋಡಿಸುತ್ತೇನೆ. ಇಪ್ಪತ್ತೇಳು ವರ್ಷದಿಂದ ಕೈಯಲ್ಲೇ ಬರೆದಿದ್ದೇನೆ. ದೂರದ ಊರಿನ ಮೇಷ್ಟರುಗಳೂ ಈ ಹಳದಿ ಕಾರ್ಡಿಗೋಸ್ಕರ ಇಲ್ಲಿಗೆ ಬರುತ್ತಾರೆ.

ನಿನ್ನ ಹೆಸರಿನಲ್ಲಿ ಒಂದು ಬಿಳಿ ಕಾರ್ಡಿದೆ, ಹಳದಿ ಒಂದೂ ಇಲ್ಲ. ಅಷ್ಟಕ್ಕೇ ಬಿಡದೆ ನಾಲ್ಕು ದಿನ ಕೂತು ನಲವತ್ತೊಂದು ಪುಸ್ತಕಗಳ ಹಿಂಬದಿಯ ಅಕಾರಾದಿ ನೋಡಿದೆ. ಏನೂ ಇಲ್ಲ.

ಒಂದು ಮಾತು ಹೇಳಲೇ? ಅನುಬಂಧ ಇಲ್ಲದೆಯೂ ಪುಸ್ತಕ ಬರಬಹುದು. ಓದುವವರು ಕಾದಂಬರಿ ಓದುತ್ತಾರೆ, ಹಿಂದಿನದನ್ನು ಯಾರು ನೋಡುತ್ತಾರೆ.

ನಿನ್ನ ಇರುವೆ


೨೭ ಜನವರಿ

ಪ್ರೀತಿಯ ಇರುವೆ,

ನಲವತ್ತೊಂದು ಪುಸ್ತಕ! ನೀನು ಹುಡುಕಿ ಸಿಗಲಿಲ್ಲವೆಂದರೆ ಅದು ಭೂಮಿಯ ಮೇಲೆ ಇಲ್ಲ. ಪ್ರಕಾಶಕರಿಗೆ ಇದೇ ಮಾತು ಹೇಳಿದೆ. ಅವರ ಮುಖ ಸಪ್ಪಗಾಯಿತು. ನನಗೆ ಮಾತ್ರ, ನಿಜ ಹೇಳುತ್ತೇನೆ, ಒಂಥರಾ ನಿರಾಳವಾಯಿತು. ಮೂವತ್ತೊಂದು ವರ್ಷ ಹೊತ್ತುಕೊಂಡು ತಿರುಗಿದ ಸಿಟ್ಟು ದಂಡವಾಗಲಿಲ್ಲ ನೋಡು.

ಅದೇ ಹುರುಪಿನಲ್ಲಿ ಮುನ್ನುಡಿ ಬರೆದೇಬಿಟ್ಟೆ. ಶುರು ಹೀಗಿದೆ: "ಮೂವತ್ತೊಂದು ವರ್ಷ ಈ ಕೃತಿಯನ್ನು ಒಬ್ಬ ವಿಮರ್ಶಕನೂ ಕಣ್ಣೆತ್ತಿ ನೋಡಲಿಲ್ಲ. ಬೈಯುವ ಸೌಜನ್ಯವನ್ನಾದರೂ ಯಾರೂ ತೋರಲಿಲ್ಲ. ಬರಹಗಾರನನ್ನು ಕೊಲ್ಲಲು ಕತ್ತಿ ಬೇಕಿಲ್ಲ, ಎಲ್ಲರೂ ಸುಮ್ಮನಿದ್ದರೆ ಸಾಕು." ಹೇಗಿದೆ? ನಿನ್ನ ಅತ್ತಿಗೆ ಓದಿ, "ಅರವತ್ತಕ್ಕೆ ಅರಳುಮರಳು ಅಂತಾರೆ, ನಿಮಗೆ ಸರಿಯಾಗಿ ಹುಟ್ಟಿದ ದಿನಾನೇ ಶುರುವಾಯ್ತು" ಅಂದಳು.

ಹನ್ನೊಂದನೆಯ ಅಧ್ಯಾಯಕ್ಕೇ ಒಂದು ಪುಟ ಕೊಟ್ಟಿದ್ದೇನೆ. ಆಸ್ಪತ್ರೆಗೆ ಸೇರುವ ಹಿಂದಿನ ಮೂರು ದಿನ, ಮೈ ಸುಡುವ ಜ್ವರ, ಕೈ ತಾನಾಗಿ ಓಡಿದ್ದು, ಎಲ್ಲ ವಿವರವಾಗಿ. ಪ್ರಕಾಶಕರು ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಆಗ ನನ್ನ ಗೀಚನ್ನು ನೀನಲ್ಲವೇ ಪ್ರೆಸ್ಸಿಗೆ ಶುದ್ಧಪ್ರತಿ ಮಾಡಿಕೊಟ್ಟದ್ದು? "ಅಚ್ಚುಕಟ್ಟಾಗಿ ನಕಲು ಮಾಡಿಕೊಟ್ಟ ತಂಗಿಗೆ ಕೃತಜ್ಞತೆಗಳು" ಎಂದು ಕೊನೆಯಲ್ಲಿ ಒಂದು ಸಾಲು ಹಾಕಿದ್ದೇನೆ. ಖುಷಿಯೇ?

ನಿನ್ನ ಅಣ್ಣ


೯ ಫೆಬ್ರವರಿ

ಅಣ್ಣನಿಗೆ,

ಮುನ್ನುಡಿಯ ಮೊದಲ ಪ್ಯಾರಾ ತೆಗೆದುಬಿಡು. ಪ್ರೆಸ್ಸಿಗೆ ಹೋಗಿದ್ದರೆ ಹೋಗಿ ವಾಪಸ್ ತೆಗೆದುಕೊಂಡು ಬಾ. ಅಚ್ಚಾದ ಮೇಲೆ ಯಾರಾದರೂ ಎದ್ದು ನಿಂತು, "ಯಾಕ್ರೀ, ಇಂಥವರು ಬರೆದಿದ್ದರಲ್ಲ" ಎಂದರೆ ನೀನು ತಲೆ ಎತ್ತುವ ಹಾಗಿರುವುದಿಲ್ಲ.

ಒಂದು ಲೇಖನ ಸಿಕ್ಕಿದೆ. ಕಂದು ಬಟ್ಟೆಯ ಬೈಂಡಿನ ಒಂದು ಸಂಗ್ರಹ, ಇಪ್ಪತ್ತು ಕಾದಂಬರಿಗಳ ಮೇಲೆ ಇಪ್ಪತ್ತು ಲೇಖನ. ಬರೆದವರು ಯಾವುದೋ ಕಾಲೇಜಿನ ಮೇಷ್ಟರು, ತೀರಿಕೊಂಡು ಬಹಳ ವರ್ಷವಾಯಿತು. ನಮ್ಮಲ್ಲಿಗೆ ಬಂದದ್ದು ೧೯೭೪ರಲ್ಲಿ ಎಂದು ಸೀಲಿದೆ. ನಿನ್ನ ಕಾದಂಬರಿ ಪುಟ ೧೧೨ರಿಂದ ೧೧೯ರವರೆಗೆ. ಮೊದಲು ನೋಡಿದಾಗ ಹೇಗೋ ತಪ್ಪಿಹೋಯಿತು.

೧೧೨ರಿಂದ ೧೧೬ರವರೆಗೆ ಅಕ್ಷರ ಬಿಡದೆ ನಕಲು ಮಾಡಿ ಇದರೊಂದಿಗೆ ಇಟ್ಟಿದ್ದೇನೆ. ೧೧೭, ೧೧೮, ೧೧೯ ಇಲ್ಲ. ಯಾರೋ ಬ್ಲೇಡಿನಿಂದ ಕೊಯ್ದುಕೊಂಡು ಹೋಗಿದ್ದಾರೆ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಹೀಗೆ ಮಾಡುತ್ತವೆ. ೧೨೦ರಿಂದ ಬೇರೆ ಲೇಖನ, ಅದು ಸರಿಯಾಗಿದೆ.

ಓದಿ ನೊಂದುಕೊಳ್ಳಬೇಡ. ಅವರ ಮಾತು ಒರಟು. "ಈ ಕಾದಂಬರಿಯ ಜನ ಮಾತಾಡುವುದಿಲ್ಲ, ಭಾಷಣ ಮಾಡುತ್ತಾರೆ. ಊಟಕ್ಕೆ ಕೂತವರೂ ಸಭೆಗೆ ಕೂತವರಂತೆ ಕೂತಿದ್ದಾರೆ" ಎಂಬ ಸಾಲನ್ನು ನಕಲು ಮಾಡುವಾಗ ನನಗೇ ಕೈ ನಿಂತಿತು. ಇಂಥದ್ದನ್ನು ಅನುಬಂಧಕ್ಕೆ ಹಾಕುವ ಅಗತ್ಯವಿಲ್ಲ. ಇದೆ ಎಂದು ನಿನಗೆ ಗೊತ್ತಿದ್ದರೆ ಸಾಕು.

ಆ ಕೃತಜ್ಞತೆಯ ಸಾಲನ್ನೂ ಜ್ವರದ ಪುಟವನ್ನೂ ತೆಗೆದುಹಾಕು. ಬೇಡ.

ಇರುವೆ


೧೫ ಫೆಬ್ರವರಿ

ಅಯ್ಯೋ ಪೆದ್ದಿ,

ನೊಂದುಕೊಳ್ಳುವುದೇ? ನಿನ್ನ ಲಕೋಟೆ ಬಂದಾಗಿನಿಂದ ನಾನು ನೆಲದ ಮೇಲೆ ನಡೆಯುತ್ತಿಲ್ಲ! ಬೈದಿದ್ದಾರೆ ಎಂದರೆ ಓದಿದ್ದಾರೆ. ಐದು ಪುಟ, ನೆಟ್ಟಗೆ ಕೂತು ಬೈದಿದ್ದಾರೆ. "ಸಭೆಗೆ ಕೂತವರಂತೆ" ಎಂಬುದನ್ನು ನಿನ್ನ ಅತ್ತಿಗೆಗೆ ಓದಿ ಹೇಳಿದೆ. "ಇವರು ನಮ್ಮನೆಗೆ ಊಟಕ್ಕೆ ಬಂದಿದ್ರಾ?" ಎಂದು ಕೇಳಿದಳು. ಅನುಬಂಧಕ್ಕೆ ಇದು ಬೇಕೇ ಬೇಕು. ಪ್ರಕಾಶಕರೂ ಕುಣಿಯುತ್ತಿದ್ದಾರೆ.

ಮೊದಲ ಪ್ಯಾರಾ ತೆಗೆದೆ. ಜ್ವರದ ಪುಟ ಯಾಕೆ ತೆಗೆಯಬೇಕು? ಎಲ್ಲರಿಗೂ ಮೆಚ್ಚಿಗೆಯಾದದ್ದೇ ಅದು.

ಈಗ ಪ್ರೂಫ್ ಕೋಣೆಯಲ್ಲಿ ಮೂವತ್ತೈದು ವರ್ಷ ಸವೆಸಿದವನ ಒಂದು ಸಣ್ಣ ಅನುಮಾನ. ನಿನ್ನ ನಕಲು ೧೧೬ನೇ ಪುಟದ ಕೊನೆಗೆ "ಆದರೆ" ಎಂದು ನಿಂತಿದೆ. ಐದು ಪುಟ ಉಗಿದ ಮೇಲೆ ಒಬ್ಬ ಮನುಷ್ಯ ಆದರೆ ಎಂದನೆಂದರೆ ಮುಂದೆ ಏನೋ ಒಳ್ಳೆಯದು ಇದೆ. ಅದನ್ನು ಓದದೆ ನನಗೆ ಅನ್ನ ಇಳಿಯುವುದಿಲ್ಲ.

ಅದಿರಲಿ. ೧೧೯ನೇ ಪುಟ ಕೊಯ್ದಿದ್ದಾರೆ, ೧೨೦ನೇ ಪುಟ ಸರಿಯಾಗಿದೆ ಎಂದು ಬರೆದಿದ್ದೀಯಲ್ಲ, ಯಾವ ಪುಸ್ತಕವನ್ನಾದರೂ ತೆರೆದು ನೋಡು. ಬೆಸ ಸಂಖ್ಯೆ ಬಲಗಡೆ, ಅದರ ಬೆನ್ನಿಗೇ ಸಮ ಸಂಖ್ಯೆ. ೧೧೯ ಮತ್ತು ೧೨೦ ಒಂದೇ ಹಾಳೆಯ ಎರಡು ಮೈ. ಒಂದು ಮೈಯನ್ನು ಕೊಯ್ದು ಇನ್ನೊಂದನ್ನು ಉಳಿಸುವ ಬ್ಲೇಡು ಯಾವ ಅಂಗಡಿಯಲ್ಲಿ ಸಿಗುತ್ತದೆ?

ಅವಸರದಲ್ಲಿ ಪುಟಸಂಖ್ಯೆ ತಪ್ಪು ಬರೆದಿರಬೇಕು. ಇನ್ನೊಂದು ಸಲ ನೋಡಿ ತಿಳಿಸು. ಇಪ್ಪತ್ತೆರಡು ವರ್ಷದಿಂದ ಈ ಪುಸ್ತಕ ನಿನ್ನ ಕಪಾಟಿನಲ್ಲಿದ್ದೂ ಅದಕ್ಕೊಂದು ಹಳದಿ ಕಾರ್ಡು ಯಾಕಿಲ್ಲ, ಅದನ್ನೂ.

ಅಣ್ಣ


೧೧ ಮಾರ್ಚ್

ಕಾಗದ ಬರೆದು ಮೂರು ವಾರ ದಾಟಿತು. ಉತ್ತರವಿಲ್ಲ. ಕಾಲೇಜಿಗೆ ಫೋನ್ ಮಾಡಿದರೆ, "ಮೇಡಂ ಒಳಗಡೆ ರ್ಯಾಕ್ ಹತ್ರ ಇದ್ದಾರೆ, ಬರಲ್ಲ ಅಂತಾರೆ" ಎಂದ ನಿಮ್ಮ ಅಟೆಂಡರ್. ಹುಷಾರಿದ್ದೀಯಾ? ನಾನೇ ಬಸ್ಸು ಹತ್ತಿ ಬರಲೇ? ಪುಸ್ತಕ ಹಾಳಾಗಿ ಹೋಗಲಿ, ಎರಡು ಸಾಲು ಬರಿ.

ಅಣ್ಣ


೨೦ ಮಾರ್ಚ್

ಅಣ್ಣ,

ಬರಬೇಡ. ಹುಷಾರಿದ್ದೇನೆ.

ಪುಟಗಳನ್ನು ಯಾರೂ ಕೊಯ್ದಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎಂಬ ಹಾಗೆ, ನಿನ್ನ ಕಾಗದ ಓದಿದ ಕೂಡಲೇ ಕಪಾಟಿನ ಬಳಿ ಓಡಿದೆ, ನಿಜವಾಗಿ ಕೊಯ್ದುಬಿಡೋಣ ಎಂದು. ಮೇಜಿನಿಂದ ಬ್ಲೇಡು ತೆಗೆದುಕೊಂಡು ಹೋಗಿದ್ದೆ. ಪುಸ್ತಕದ ಬೆನ್ನು ಬಗ್ಗಿಸಿ ಹಿಡಿದೂ ಆಗಿತ್ತು. ಇಪ್ಪತ್ತೇಳು ವರ್ಷ ಈ ಕೆಲಸಕ್ಕಾಗಿ ಮಕ್ಕಳಿಗೆ ಛೀಮಾರಿ ಹಾಕಿದವಳು ನಾನು. ಕೈ ಬರಲಿಲ್ಲ.

ಪುಸ್ತಕ ಬಂದ ದಿನವೇ ಲೇಖನ ಓದಿದ್ದೆ. ಹತ್ತೊಂಬತ್ತು ಲೇಖನಕ್ಕೆ ಹತ್ತೊಂಬತ್ತು ಹಳದಿ ಕಾರ್ಡು ಬರೆದೆ. ಇಪ್ಪತ್ತನೆಯದನ್ನು ಬರೆಯಲಿಲ್ಲ. ಹಿಂಬದಿಯ ಅಕಾರಾದಿಯಲ್ಲಿ ನಿನ್ನ ಹೆಸರು ಇದ್ದೇ ಇತ್ತು, ಆದರೆ ನಮ್ಮ ಕಾಲೇಜಿನಲ್ಲಿ ಹಳದಿ ಕಾರ್ಡು ಇಲ್ಲವೆಂದರೆ ಲೇಖನವೇ ಇಲ್ಲ ಎಂದು ಎಲ್ಲರೂ ನಂಬುತ್ತಾರೆ. ಆ ನಂಬಿಕೆಯನ್ನು ಬೆಳೆಸಿದವಳೂ ನಾನೇ.

ಉಳಿದ ಮೂರು ಪುಟದಿಂದ ಮುಖ್ಯವಾದದ್ದನ್ನು ಇಲ್ಲಿಯೇ ಬರೆಯುತ್ತೇನೆ:

"ಆದರೆ ಹನ್ನೊಂದನೆಯ ಅಧ್ಯಾಯದಲ್ಲಿ ಏನೋ ನಡೆದಿದೆ. ತೀರಿಕೊಂಡ ಗಂಡನ ಅಂಗಿಗಳನ್ನು ಕೊಟ್ಟುಬಿಡುವ ಮುಂಚೆ ಆ ತಾಯಿ ಒಂದೊಂದು ಜೇಬನ್ನೂ ಬರಿದು ಮಾಡುತ್ತಾಳೆ. ಸಿಕ್ಕಿದ ಗುಂಡಿ, ಬಸ್ ಟಿಕೆಟು, ಅರ್ಧ ಪೆನ್ಸಿಲು ಎಲ್ಲವನ್ನೂ ನೋಡಿ, ಮತ್ತೆ ಅದೇ ಜೇಬಿಗೆ ಹಾಕುತ್ತಾಳೆ. ಯಾರೂ ದನಿ ಏರಿಸುವುದಿಲ್ಲ. ಈ ಹದಿನಾಲ್ಕು ಪುಟ ಬರೆದ ಕೈ ಬೇರೆ, ಉಳಿದದ್ದನ್ನು ಬರೆದ ಕೈ ಬೇರೆ ಎಂದು ಪ್ರಮಾಣ ಮಾಡಿ ಹೇಳಲಾರೆ, ಹೇಳಬೇಕೆಂದು ಮಾತ್ರ ಅನ್ನಿಸುತ್ತದೆ. ಆ ಕೈ ಯಾರದೇ ಆಗಿರಲಿ, ಇನ್ನಷ್ಟು ಬರೆಯಲಿ."

ನೀನು ವಿಷಮಜ್ವರವೆಂದು ಆಸ್ಪತ್ರೆ ಸೇರುವ ಮುಂಚೆ ನನಗೆ ಕಳಿಸಿದ ಹನ್ನೊಂದನೆಯ ಅಧ್ಯಾಯ ಆರು ಪುಟವಿತ್ತು. ಅದರಲ್ಲಿ ತಾಯಿ ಗಂಡನ ಫೋಟೋದ ಮುಂದೆ ನಿಂತು ಸಾವು ಎಂದರೇನು ಎಂದು ಮಾತಾಡುತ್ತಿದ್ದಳು. ನಮ್ಮ ಅಮ್ಮ, ಅಪ್ಪ ಹೋದ ಮೇಲೆ ಒಂದು ತಿಂಗಳು, ಉಪ್ಪು ತಾ, ಬಾಗಿಲು ಹಾಕು ಎಂಬುದರ ಹೊರತು ಏನಾದರೂ ಆಡಿದ್ದಳೇ? ನನಗೆ ಅದನ್ನು ನಕಲು ಮಾಡಲು ಆಗಲಿಲ್ಲ. ಪ್ರೆಸ್ಸಿನವರು ಕಾಯುತ್ತಿದ್ದರು, ನೀನು ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದೆ. ಮೂರು ಮಧ್ಯಾಹ್ನ ಅಡುಗೆಮನೆಯ ಮೇಜಿನ ಮುಂದೆ ಕೂತು, ನಾನು ಕಂಡದ್ದನ್ನು ಬರೆದು, ನಿನ್ನದರ ಜಾಗದಲ್ಲಿ ಇಟ್ಟು ಕಳಿಸಿದೆ. ಇಪ್ಪತ್ತೆರಡು ವರ್ಷದವಳು. ನೀನು ಬೈಯುತ್ತೀಯ ಎಂದು ಕಾಯುತ್ತಿದ್ದೆ. ನೀನು ಮನೆಗೆ ಬಂದು, "ಜ್ವರದಲ್ಲಿ ಏನೇನು ಬರೆದಿದ್ದೀನೋ ದೇವರೇ ಬಲ್ಲ" ಅಂದೆ. ನಿಜವಾಗಿಯೂ ನಿನ್ನದೇ ಎಂದು ತಿಳಿದಿದ್ದೀಯ ಎಂದುಕೊಂಡೆ. ಆಮೇಲೆ ಹೇಳುವುದು ಹೇಗೆ?

ನಿನ್ನ ಮನಸ್ಸು ಮುರಿಯಬಾರದೆಂದು ಕಾರ್ಡು ಬರೆಯಲಿಲ್ಲ ಎಂದರೆ ಅದು ಅರ್ಧ ನಿಜ. ಇನ್ನರ್ಧ ಹೇಳಲು ನಾಚಿಕೆಯಾಗುತ್ತದೆ. ಓದಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಎರಡು ರ್ಯಾಕಿನ ನಡುವೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿದ್ದೆ, ಯಾರಾದರೂ ನೋಡಿಯಾರೆಂದು. ಎಲ್ಲರೂ ನಿನ್ನ ಪುಸ್ತಕವನ್ನು ಕಡೆಗಣಿಸಿದರು ಎಂದು ನೀನು ಕೊರಗುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ನಿನ್ನನ್ನು ಬೈದ ಲೇಖನ ಓದಿ ನಾನು ಕುಣಿಯುತ್ತಿದ್ದೇನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಲ ಆ ಪುಸ್ತಕ ತೆಗೆದು ಓದಿದ್ದೇನೆ ಎಂದು ಕೇಳಬೇಡ.

ಬಾಯಿಬಿಟ್ಟಿದ್ದರೆ ನೀನು ಇನ್ನೊಂದು ಪುಸ್ತಕ ಬರೆಯುತ್ತಿದ್ದೆಯೇನೋ. ಒಬ್ಬರಾದರೂ ಓದಿದ್ದಾರೆ ಎಂದು ತಿಳಿದಿದ್ದರೆ. ಅದನ್ನು ನಿನ್ನಿಂದ ಕಿತ್ತುಕೊಂಡೆ. ಏನು ಬೈಯಬೇಕೋ ಬೈದು ಬರೆ.

ತಂಗಿ


೧೪ ಏಪ್ರಿಲ್

ತಂಗೀ,

ಇದು ನಾಲ್ಕನೆಯ ಸಲ ಬರೆಯುತ್ತಿರುವುದು. ಮೂರು ಹರಿದೆ. ಮೂರರಲ್ಲಿಯೂ ನಾನು ದೊಡ್ಡ ಮನಸ್ಸಿನ ಅಣ್ಣನಾಗಿ ನಿನ್ನನ್ನು ಕ್ಷಮಿಸಿಬಿಟ್ಟಿದ್ದೆ. ಓದಿದರೆ ನನಗೇ ವಾಕರಿಕೆ ಬಂತು.

ನನಗೆ ಗೊತ್ತಿತ್ತು.

ಪುಸ್ತಕದ ಮೊದಲ ಪ್ರತಿ ಆಸ್ಪತ್ರೆಯ ವಾರ್ಡಿಗೇ ಬಂದಿತ್ತು. ಜ್ವರ ಬಿಟ್ಟು ಹತ್ತು ದಿನವಾಗಿತ್ತು, ತಲೆ ನಿಚ್ಚಳವಾಗಿತ್ತು. ಹನ್ನೊಂದಕ್ಕೆ ಬಂದೆ. ಎರಡನೇ ಸಾಲಿಗೇ ಇದು ನನ್ನದಲ್ಲ ಎಂದು ಗೊತ್ತಾಯಿತು. ಅಮ್ಮ ಜೇಬಿನಲ್ಲಿ ಸಿಕ್ಕಿದ್ದನ್ನು ಮತ್ತೆ ಜೇಬಿಗೇ ಹಾಕಿದಳು ಎಂಬುದು ನನಗೆ ಗೊತ್ತೇ ಇರಲಿಲ್ಲ. ಅಪ್ಪ ಹೋದ ಮೂರನೇ ದಿನಕ್ಕೆ ನಾನು ಕೆಲಸವಿದೆ ಎಂದು ಊರು ಬಿಟ್ಟಿದ್ದೆನಲ್ಲ. ನಮ್ಮ ಮನೆಯಲ್ಲಿ ಏನಾಯಿತು ಎಂದು ನನಗೆ ತಿಳಿದದ್ದು ನನ್ನದೇ ಹೆಸರು ಹೊತ್ತ ಪುಸ್ತಕ ಓದಿ. ಪಕ್ಕದ ಹಾಸಿಗೆಯವರು, "ಯಾಕಪ್ಪಾ, ನೋವಾ?" ಎಂದು ಕೇಳಿದರು. ಹೌದು ಅಂದೆ.

ನಿನ್ನನ್ನು ಕೇಳಬೇಕೆಂದೇ ಮನೆಗೆ ಬಂದೆ. ಅಷ್ಟರಲ್ಲಿ ಪ್ರೆಸ್ಸಿನ ಯಜಮಾನರು ಬಾಗಿಲಲ್ಲೇ ಕೈ ಹಿಡಿದುಕೊಂಡು, "ಆ ಅಂಗಿಯ ಅಧ್ಯಾಯ ಇದೆಯಲ್ಲ, ನಮ್ಮ ಅಚ್ಚಿನ ಮೊಳೆ ಜೋಡಿಸೋರೂ ಕಣ್ಣೀರು ಹಾಕಿದ್ರು" ಅಂದರು. ಬಾಯಿಗೆ ಬಂದದ್ದು ಜ್ವರದ ಮಾತು. ಒಂದು ಸಲ ಆಡಿದೆ, ಸಲೀಸಾಗಿ ಹೊರಟಿತು. ಆಮೇಲೆ ಮೂವತ್ತೊಂದು ವರ್ಷ ಅದೇ ಬಂಡಿ.

ಏಳು ವರ್ಷ ಎರಡನೆಯ ಕಾದಂಬರಿಗೆ ಕೂತೆ. ಬರೆದದ್ದನ್ನೆಲ್ಲ ಹನ್ನೊಂದನೆಯದರ ಪಕ್ಕ ಇಟ್ಟು ನೋಡುತ್ತಿದ್ದೆ. ಎಲ್ಲ ಭಾಷಣ. ಕೊನೆಗೆ, ಯಾರೂ ವಿಮರ್ಶೆ ಬರೆಯಲಿಲ್ಲ, ಅದಕ್ಕೇ ಬಿಟ್ಟೆ ಎಂದು ಹೇಳಿಕೊಂಡೆ. ನಮ್ಮ ಆಫೀಸಿನ ಸುತ್ತ ಮೂರು ಲೈಬ್ರರಿ ಇದ್ದವು, ಒಂದಕ್ಕೂ ಹೋಗಿ ಹುಡುಕಲಿಲ್ಲ. ಈಗ ನಿನ್ನನ್ನು ಹುಡುಕಲು ಕೇಳಿದ್ದು ಕೂಡ, ಏನಾದರೂ ಇದ್ದರೆ ನೀನು ಮುಚ್ಚಿಡುತ್ತೀಯ ಎಂಬ ಧೈರ್ಯದಿಂದಲೇ ಇರಬೇಕು. "ಆದರೆ" ನೋಡಿದ ಮೇಲೆ ಮಾತ್ರ ತಡೆಯಲಾಗಲಿಲ್ಲ. ಹೊಗಳಿಕೆಯ ಆಸೆ ಕೆಟ್ಟದ್ದು.

ಇಷ್ಟೇ ಆಗಿದ್ದರೆ ಇಬ್ಬರೂ ಸುಮ್ಮನಿದ್ದೆವು, ಸರಿಗೆ ಸರಿ ಎನ್ನಬಹುದಿತ್ತು. ಇಷ್ಟೇ ಅಲ್ಲ.

೧೯೬೭ರಲ್ಲಿ ನೀನು ನನಗೊಂದು ಕಥೆ ಕಳಿಸಿದ್ದೆ. "ಅಣ್ಣ, ಇದು ಹೇಗಿದೆ ಹೇಳು, ನೀನು ಬೇಡವೆಂದರೆ ಮುಂದೆ ಬರೆಯುವುದಿಲ್ಲ" ಎಂದು ಮೇಲೊಂದು ಚೀಟಿ. ಹತ್ತು ಪುಟವಿತ್ತು. ನಿಂತಲ್ಲೇ ಒಂದು ಸಲ ಓದಿದೆ, ಕೂತು ಇನ್ನೊಂದು ಸಲ ಓದಿದೆ. ಚೆನ್ನಾಗಿತ್ತು. ಇದು ಹೊರಗೆ ಬಂದರೆ ಹನ್ನೊಂದನೆಯದು ಯಾರ ಕೈಯದು ಎಂದು ಕುರುಡನಿಗೂ ಗೊತ್ತಾಗುತ್ತದೆ ಎಂದು ಹೆದರಿದೆ. ಕೆಂಪು ಶಾಯಿಯಲ್ಲಿ ಮೂರು ಪುಟ ಉತ್ತರ ಬರೆದೆ. ನಿನಗೆ ಬರೆಯುವ ಶಕ್ತಿಯಿಲ್ಲ, ಓದುವ ಶಕ್ತಿಯಿದೆ, ಗ್ರಂಥಾಲಯದ ತರಬೇತಿಗೆ ಸೇರು ಎಂದೆ. ನೀನು ಸೇರಿದೆ. ನನ್ನ ಮಾತನ್ನು ಅಷ್ಟು ನಂಬಿದ್ದೆ.

ಕಾರ್ಡು ಬರೆಯದೆ ಒಂದು ಲೇಖನ ಮುಚ್ಚಿಟ್ಟೆ ಎಂದು ನೀನು ಅಳುತ್ತಿದ್ದೀಯ. ನಾನು ಮುಚ್ಚಿಟ್ಟದ್ದು ನಿನ್ನನ್ನೇ.

ಪ್ರಕಾಶಕರಿಗೆ ನಿನ್ನೆ ಎಲ್ಲವನ್ನೂ ಹೇಳಿದೆ. "ಅಕ್ಕಾವ್ರು ಏನು ಹೇಳ್ತಾರೋ ಹಾಗೆ ಮಾಡೋಣ ಸಾರ್" ಅಂದರು. ನಿನ್ನ ಅತ್ತಿಗೆಗೂ ಹೇಳಿದೆ. ಅವಳು ಈ ಸಲ ಏನೂ ತಮಾಷೆ ಮಾಡಲಿಲ್ಲ.

ಏನು ಮಾಡಲಿ ಹೇಳು. ಕ್ಷಮಿಸು ಎಂದು ಕೇಳಲು ಮುಖವಿಲ್ಲ.

ಅಣ್ಣ


೨ ಮೇ

ಅಣ್ಣ,

ನಿನ್ನ ಕಾಗದ ಬಂದ ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಎಂದೂ ರಜೆ ಹಾಕದವಳು ಎಂದು ಪ್ರಿನ್ಸಿಪಾಲರು ಮನೆಗೇ ಬಂದು ನೋಡಿಕೊಂಡು ಹೋದರು.

ಪುಸ್ತಕದ ವಿಷಯ ಮೊದಲು ಮುಗಿಸುತ್ತೇನೆ. ಅಚ್ಚು ಹಾಕಿಸು. ಅನುಬಂಧದಲ್ಲಿ ಎಂಟು ಪುಟವೂ ಇರಲಿ, ಬೈಗುಳ ಬಿಡಬೇಡ. ಮುನ್ನುಡಿಯಲ್ಲಿ "ಹನ್ನೊಂದನೆಯ ಅಧ್ಯಾಯ ನನ್ನ ತಂಗಿ ಬರೆದದ್ದು" ಎಂದು ಹಾಕು, ಅಷ್ಟೇ. ಕೃತಜ್ಞತೆ ಬೇಡ, ಹೊಗಳಿಕೆ ಬೇಡ, ಪಶ್ಚಾತ್ತಾಪವಂತೂ ಬೇಡವೇ ಬೇಡ. ಅದನ್ನು ಬರೆಯಲು ಹೊರಟರೆ ನೀನು ಮತ್ತೆ ಭಾಷಣ ಮಾಡುತ್ತೀಯ.

ಮೂವತ್ತೊಂದು ವರ್ಷ ನಿನ್ನ ಮನೆಗೆ ಬಂದಾಗಲೆಲ್ಲ ಕಳ್ಳಿಯ ಹಾಗೆ ತಲೆ ತಗ್ಗಿಸಿ ಕೂತಿದ್ದೆ. ಅಣ್ಣನ ಮನಸ್ಸು ನೋಯದಿರಲಿ ಎಂದು ಆ ಪುಸ್ತಕದ ಮಾತು ಬಂದರೆ ಅಡುಗೆಮನೆಗೆ ಎದ್ದುಹೋಗುತ್ತಿದ್ದೆ. ನೀನು ಎಲ್ಲ ಗೊತ್ತಿದ್ದೂ ನೋಡುತ್ತಾ ಕೂತಿದ್ದೆ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಸುಳ್ಳು ಇಬ್ಬರಿಗೂ ಸಾಕು. ಈ ರಜೆಯಲ್ಲಿ ನಾನು ಬರುವುದಿಲ್ಲ, ನೀನೂ ಬರಬೇಡ. ಅತ್ತಿಗೆ ಬರುವುದಾದರೆ ಬರಲಿ.

ಆದರೆ ಒಂದು ಕೆಲಸ ನಿನ್ನಿಂದ ಆಗಬೇಕು.

ಆ ಕಥೆಗೆ ಬೇರೆ ಪ್ರತಿ ಇರಲಿಲ್ಲ. ನಿನ್ನ ಕೆಂಪು ಶಾಯಿಯ ಕಾಗದದ ಜೊತೆ ಅದು ವಾಪಸ್ ಬಂದ ದಿನವೇ ಒಲೆಗೆ ಹಾಕಿದೆ. ಎರಡು ವಾರದಿಂದ ಕೂತು ನೆನಪು ಮಾಡಿಕೊಳ್ಳುತ್ತಿದ್ದೇನೆ. ಒಬ್ಬಳು ಹೆಂಗಸು ಬೀಗದ ಕೈ ಹುಡುಕುತ್ತಿದ್ದಳು, ಅಷ್ಟು ಬಿಟ್ಟರೆ ಒಂದು ಸಾಲೂ ಬರುತ್ತಿಲ್ಲ. ಅವಳಿಗೆ ಬೀಗದ ಕೈ ಸಿಕ್ಕಿತೋ ಇಲ್ಲವೋ ಅದೂ ನೆನಪಿಲ್ಲ. ಯಾರು ಎಲ್ಲಿ ಏನು ಬರೆದಿದ್ದಾರೆ ಎಂದು ಊರೂರಿನವರಿಗೆ ಹುಡುಕಿಕೊಟ್ಟವಳು ನಾನು, ಇದನ್ನು ಮಾತ್ರ ಯಾವ ಕಪಾಟಿನಲ್ಲೂ ಹುಡುಕುವ ಹಾಗಿಲ್ಲ. ಆ ಕಥೆಯನ್ನು ಓದಿದವನು ಲೋಕದಲ್ಲಿ ನೀನೊಬ್ಬನೇ. ಅದೂ ಎರಡು ಸಲ.

"ಚೆನ್ನಾಗಿತ್ತು" ಎಂದು ಬರೆದಿದ್ದೀಯ. ಅದು ಸಾಲದು. ಏನು ಚೆನ್ನಾಗಿತ್ತು? ಎಲ್ಲಿ ಜಾಳಾಗಿತ್ತು? ಯಾವ ಸಾಲಿನಲ್ಲಿ ನಿನಗೆ ಹೆದರಿಕೆಯಾಯಿತು? ನೆನಪಿದ್ದಷ್ಟು ಬರೆ, ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆ. ಅಣ್ಣನಾಗಿ ಬರೆಯಬೇಡ, ಓದಿದವನಾಗಿ ಬರೆ.

ಬೇಗ ಬರೆ. ನಿನಗೆ ಅರವತ್ತಾಯಿತು, ಆಮೇಲೆ ನನಗೆ ಹೇಳುವವರು ಯಾರೂ ಇರುವುದಿಲ್ಲ.

ತಂಗಿ